ಕಂಡಿಕೆ ಬಟ್ಟಲಿನ ನೀರು

ಭಾನುವಾರ ಬೆಳಿಗ್ಗೆ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ಬಚ್ಚಲಿಗೆ ಬಗ್ಗಿಸುತ್ತೇನೆ. ಎಲೆಗಳು ಕೂಡಿ ನಡುವೆ ಬಟ್ಟಲಿನಂತಾದ ಜಾಗದಿಂದ ವಾರದ ಹಳೆ ನೀರು ಸುರಿಯುವಾಗ ಒಂದು ವಾಸನೆ ಏಳುತ್ತದೆ, ನೆನೆದ ರೇಷ್ಮೆಯ ವಾಸನೆಗೆ ತೀರಾ ಹತ್ತಿರದ್ದು. ಆಗ ಯಳಂದೂರಿನ ಈ ಬಾಡಿಗೆ ಮನೆ ಮರೆತುಹೋಗಿ ಕೊಳ್ಳೇಗಾಲದ ನಮ್ಮ ಮಗ್ಗದ ಮನೆ ಕಣ್ಣ ಮುಂದೆ ಬರುತ್ತದೆ. ಈಗ ಅಲ್ಲಿ ಮಗ್ಗವಿಲ್ಲ. ನೇಯುವವರು ಕಾಲು ಇಳಿಬಿಡುತ್ತಿದ್ದ ಗುಂಡಿಗೆ ಮಣ್ಣು ತುಂಬಿ ಟೈಲ್ಸ್ ಹಾಕಿದ್ದಾರೆ. ನರ್ಸರಿಯವರು ಈ ಗಿಡವನ್ನು ಬ್ರೊಮೆಲಿಯಾಡ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಅತ್ತೆಯ ಅನಾನಸ್ ಗಿಡ. ಹಣ್ಣು ಬಿಡದ ಅನಾನಸ್ ಎಂದು ಅಪ್ಪ ಆಡಿಕೊಳ್ಳುತ್ತಿದ್ದ.

ಅತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಶಾಗ್ಯದಿಂದ ನಮ್ಮಲ್ಲಿಗೆ ಬಂದವಳು, ಬೆಳಗಿನಿಂದ ಸಂಜೆಯವರೆಗೆ ಕೂತು, ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಯಾರದೋ ಮನೆಯವರು ಹೂ ಮುಗಿಯಿತೆಂದು ಎಸೆದ ಗಿಡದ ಪಕ್ಕದ ಮರಿಯನ್ನು ಕಿತ್ತು ತಂದು, ಮಗ್ಗದ ಕಿಟಕಿಯಲ್ಲಿಟ್ಟು ಸಾಕಿದ್ದಳು. "ಬುಡುಕ್ಕೆ ಉಯ್ದ್ರೆ ಕೊಳ್ತೋಯ್ತದೆ ಕಣವ್ವ, ಅದುರ್ ಬಾಯ್ಗೆ ಉಯ್ಯಿ" ಎಂದು ನನಗೆ ಕಲಿಸಿದ್ದಳು. ಹಳೆ ರೇಷ್ಮೆ ಚೂರನ್ನು ಒದ್ದೆ ಮಾಡಿ ಒಂದೊಂದೇ ಎಲೆ ಒರೆಸುವಾಗ ಅವಳ ಮುಖ ನೋಡಬೇಕಿತ್ತು. ಆ ಮನೆಯಲ್ಲಿ ತನ್ನದು ಅನ್ನಲು ಅವಳಿಗೆ ಅದೊಂದೇ ಇತ್ತು.

ನನಗೂ ಒಂದು ಕೆಲಸವಿತ್ತು. ನೇಯುವ ಮುಂಚೆ ಕಂಡಿಕೆಗಳನ್ನು ನೆನೆಹಾಕುವ ಬಟ್ಟಲಿನ ನೀರನ್ನು ದಿನಾ ಸಂಜೆ ಚೆಲ್ಲಿ ತೊಳೆಯುವುದು. ಅಜ್ಜಿ ತೀರಿಕೊಂಡು ಸೂತಕಕ್ಕೆ ಮಗ್ಗ ನಿಂತಿತು, ನಾನು ಬಟ್ಟಲನ್ನೇ ಮರೆತೆ. ಸೂತಕ ಕಳೆಯುವ ಹೊತ್ತಿಗೆ ತಮ್ಮನಿಗೆ ಜ್ವರ. ಮಾರನೇ ದಿನ ಆಸ್ಪತ್ರೆಯ ಸಿಸ್ಟರ್ ನಮ್ಮ ಬೀದಿಯಲ್ಲಿ ನಿಂತ ನೀರು ಹುಡುಕುತ್ತಾ ಬಂದರು. ನಾನು ಒಳಗೆ ಓಡಿ ನೋಡಿದರೆ ಬಟ್ಟಲ ತುಂಬಾ ಸೊಳ್ಳೆ ಹುಳುಗಳು ಗಿಜಿಗುಡುತ್ತಿವೆ. ಅಪ್ಪ ಜಗಲಿಯಲ್ಲೇ ಇದ್ದ, ಅಪ್ಪನದು ಮಾತಿಗಿಂತ ಕೈ ಮುಂದು. ಕೈಗೆ ಹತ್ತಿರ ಇದ್ದದ್ದು ಅತ್ತೆಯ ಗಿಡ. ಅದರ ಬಾಯಿಗೆ ಅಷ್ಟೂ ನೀರು ಸುರಿದು, ಬಟ್ಟಲನ್ನು ಮಗ್ಗದಡಿ ಬೋರಲು ಹಾಕಿದೆ.

ಸಿಸ್ಟರ್ ಗಿಡದೊಳಗೆ ಟಾರ್ಚ್ ಬಿಟ್ಟು, "ನೋಡಿ, ಇಲ್ಲೇ ಸಾಕ್ಕೊಂಡಿದ್ದೀರಲ್ಲ" ಅಂದರು. ಅವರು ಹೊರಟದ್ದೇ ತಡ, ಅಮ್ಮ ಅತ್ತೆಯತ್ತ ತಿರುಗಿ, "ಅತ್ಗೆ, ನನ್ ಮಗೀಗೆ ಜ್ವರ ತಂದದ್ದು ನಿಮ್ ಗಿಡವೇ ಕಣಿ" ಎಂದು ಅತ್ತಳು. ಅಪ್ಪ ಕುಂಡವನ್ನು ಬೀದಿಗೆ ಎಸೆದ. ಅತ್ತೆ ಕುಕ್ಕರಗಾಲಲ್ಲಿ ಕೂತು ಚೂರುಗಳನ್ನೂ ಗಿಡವನ್ನೂ ಆಯ್ದಳು. ಗಿಡದ ನಡುವಿನಿಂದ ಒಂದೆಳೆ ಕೆಂಪು ರೇಷ್ಮೆ ಎಳೆದು, ನೋಡಿ, ಬೆರಳಿಗೆ ಸುತ್ತಿಕೊಂಡಳು. ಕಂಡಿಕೆಯ ನೂಲು ಅಲ್ಲಿಗೆ ಹೇಗೆ ಬಂತು ಎಂದು ಯಾರನ್ನೂ ಕೇಳಲಿಲ್ಲ. "ತೆಪ್ಪಾಯ್ತು ಕಣಪ್ಪ" ಎಂದು ಅಪ್ಪನಿಗೆ ಹೇಳಿ ಒಳಗೆ ಹೋದಳು.

ನನ್ನ ತಮ್ಮ ಬೇಗ ಎದ್ದು ಓಡಾಡಿದ. ಅಮ್ಮನ ಮಾತು ಮಾತ್ರ ನಿಲ್ಲಲಿಲ್ಲ, ಕುಂತರೆ ನಿಂತರೆ ಅದೇ. ತಿಂಗಳೊಳಗೆ ಅತ್ತೆ ಟ್ರಂಕು ಹಿಡಿದು, ಶಾಗ್ಯಕ್ಕೆ ವಾಪಸು ಹೋಗಲು ಹನೂರಿನ ಬಸ್ಸು ಹತ್ತಿದಳು. ನಾನೇ ಬಸ್ ಸ್ಟ್ಯಾಂಡಿಗೆ ಹೋಗಿ ಕಳಿಸಿ ಬಂದೆ. ನಿಜ ಹೇಳಬೇಕೆಂದರೆ, ಬಸ್ಸು ತಿರುವಿನಲ್ಲಿ ಮರೆಯಾದಾಗ ನನಗೆ ಅಳು ಬರಲಿಲ್ಲ, ಉಸಿರು ಬಂತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕೆಲಸ ಸಿಕ್ಕಿದ ವರ್ಷ ಶಾಗ್ಯಕ್ಕೆ ಹೋಗಿದ್ದೆ. ಅತ್ತೆಯ ಕಣ್ಣು ಮಂಜಾಗಿತ್ತು. ಜಗಲಿಯ ಮೇಲೆ ಸಾಲಾಗಿ ಅದೇ ಗಿಡ, ಒಡೆದ ಬಿಂದಿಗೆಗಳಲ್ಲಿ, ಎಣ್ಣೆ ಡಬ್ಬಗಳಲ್ಲಿ. ಅವತ್ತು ಬೀದಿಯಿಂದ ಆಯ್ದುಕೊಂಡ ಗಿಡದ ಸಂತಾನ. ಹೂ ಬಿಟ್ಟ ತಾಯಿ ಒಣಗುತ್ತಾ ಹೋಗುತ್ತದೆ, ಪಕ್ಕದ ಮರಿ ಉಳಿಯುತ್ತದೆ. ಅಂಥ ಮರಿಯೊಂದನ್ನು ಮುರಿದು, ಹಳೆ ಸೀರೆ ಚೂರಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು. "ಬಾಯ್ಗೆ ನೀರು ಉಯ್ಯಿ. ವಾರುಕ್ಕೊಂದ್ಸಲ ಬಗ್ಗಿಸ್ಬುಡು" ಅಂದಳು. ಗಂಟು ಬಿಗಿಯುತ್ತಾ, ತಲೆ ಎತ್ತದೆ, ಮೆತ್ತಗೆ ಸೇರಿಸಿದಳು: "ಕಂಡ್ಕೆ ಬಟ್ಲು ನೀರ ಮಾತ್ರ ಉಯ್ಬ್ಯಾಡ ಕಣವ್ವ."

ಇಷ್ಟು ವರ್ಷ ಅವಳಿಗೆ ಗೊತ್ತಿತ್ತು. ಕಾಲಿಗೆ ಬೀಳಬಹುದಿತ್ತು. ನನ್ನಿಂದಲೇ ಅತ್ತೆ, ಅನ್ನಬಹುದಿತ್ತು. ಜಗಲಿಯಲ್ಲಿ ನಾವಿಬ್ಬರೇ ಇದ್ದೆವು. ನಾನು ಬ್ಯಾಗು ಹೆಗಲಿಗೇರಿಸಿ, ಕೊಳ್ಳೇಗಾಲದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದೆ.

"ಈಗ್ಲೆ ಬತ್ತದೆ, ಓಗವ್ವ" ಅಂದಳು. ಮತ್ತೆ ನಾನು ಶಾಗ್ಯಕ್ಕೆ ಹೋಗುವ ಹೊತ್ತಿಗೆ ಅತ್ತೆ ಇರಲಿಲ್ಲ.