ಒಕಾಜಾಕಿ ತುಣುಕುಗಳು, ಒಂದು ಬಟ್ಟಲು ನೀರು

ನಗೋಯಾದ ಒಂದು ಜೀವವಿಜ್ಞಾನ ಪ್ರಯೋಗಾಲಯದಲ್ಲಿ ಮಂಜುಗಡ್ಡೆ ಪುಡಿ ಮಾಡುವುದು ಮಿತ್ಸುಯೋಳ ಕೆಲಸ. ಬಾಂಬು ಬಿದ್ದ ದಿನ ತಾನು ಹಿರೋಶಿಮಾದಲ್ಲಿದ್ದೆನೆಂದು ಅವಳು ಯಾರಿಗೂ, ಹೆತ್ತ ಮಗಳಿಗೂ ಹೇಳಿರಲಿಲ್ಲ. ಕೇಳಿದವರಿಗೆ ಒಕಾಯಾಮಾದವಳು ಎನ್ನುತ್ತಿದ್ದಳು. ೧೯೭೬ರ ಬೇಸಿಗೆಯಲ್ಲಿ ಮಗಳು ಸನಾಯೆಗೆ ಒಳ್ಳೆಯ ಸಂಬಂಧ ಕೂಡಿಬಂದಿತ್ತು. ಬಾಂಬಿನ ವಿಷ ತಗುಲಿದ ಮನೆಯಿಂದ ಹೆಣ್ಣು ತರಲು ಜನ ಹೆದರುತ್ತಿದ್ದರು.

"ದಿನಾ ಒಕಾಜಾಕಿ ತುಣುಕು ಅಂತೀರಲ್ಲ, ಏನಪ್ಪ ಅದು?" ಎಂದು ವಿದ್ಯಾರ್ಥಿ ಹೊರಿಬೆಯನ್ನು ಒಮ್ಮೆ ಕೇಳಿದಳು.

"ಡಿಎನ್‌ಎ ಜೋಡಿ ಎಳೆ ಅಲ್ವಾ ಅಮ್ಮ? ನಕಲಾಗುವಾಗ ಒಂದೆಳೆ ಸಲೀಸಾಗಿ ಉದ್ದಕ್ಕೂ ಬೆಳೆಯುತ್ತೆ. ಇನ್ನೊಂದು ಹಿಂದುಹಿಂದಕ್ಕೆ, ಚೂರುಚೂರಾಗಿ. ಆಮೇಲೆ ಬೆಸುಗೆ. ಕಂಡುಹಿಡಿದವರು ನಮ್ಮೂರಿನ ಒಕಾಜಾಕಿ ದಂಪತಿ, ಅದಕ್ಕೇ ಆ ಹೆಸರು. ಬೆಸೆಯೋಕೆ ಮುಂಚೆ ಬ್ಯಾಕ್ಟೀರಿಯಾನ ನಿಮ್ಮ ಮಂಜುಗಡ್ಡೆಗೆ ಸುರಿದು ತಡೆದ್ರೆ ಚೂರು ಸಿಗುತ್ತೆ."

"ಬೆಸೆದ ಮೇಲೆ?"

"ಗುರುತೇ ಇರಲ್ಲ. ಪಾಪ, ಆ ದಂಪತೀಲಿ ಗಂಡ ಹೋದ ವರ್ಷ ತೀರಿಕೊಂಡ್ರು. ಹಿರೋಶಿಮಾದವರು. ರಕ್ತದ ಕ್ಯಾನ್ಸರು."

ಮಿತ್ಸುಯೋಳ ಸುತ್ತಿಗೆ ಎತ್ತಿದಲ್ಲೇ ನಿಂತಿತು.

ವಾಡಿಕೆಯಂತೆ ಗಂಡಿನ ಕಡೆಯವರು ನೆರೆಹೊರೆಯಲ್ಲಿ ವಿಚಾರಿಸಲು ಬಂದರು. ಅವರು ಹೋದ ಮೇಲೆ ಪಕ್ಕದ ಮನೆಯ ಕಿನು ಬೇಲಿಯಾಚೆಯಿಂದಲೇ ಕೂಗಿದಳು.

"ಏ ಮಿತ್ಸುಯೋ, ನಿನ್ನ ಹೊಗಳಿ ಹೊಗಳಿ ನನ್ನ ಬಾಯಿ ಒಣಗ್ತು ಕಣೆ! ಮದುವೇಲಿ ನಂಗೆ ಒಳ್ಳೆ ಸಾಕೆ ಹೆಂಡ ಕುಡಿಸ್ಬೇಕು, ನೋಡು ಮತ್ತೆ."

"ಏನಂದೆ ಅಕ್ಕಾ?"

"ಎಂಥಾ ಭಕ್ತೆ ಅಂದೆ! ಪ್ರತಿ ಆಗಸ್ಟ್ ಆರಕ್ಕೆ ಬೆಳಿಗ್ಗೆ ಸತ್ತವರಿಗೆ ಅಂತ ಬಾಗಿಲಲ್ಲಿ ನೀರಿಡ್ತಾಳೆ, ಒಂದು ವರ್ಷನೂ ತಪ್ಪಿಸಿಲ್ಲ ಅಂದೆ."

ಹೊಗಳುವ ಭರದಲ್ಲಿ ಆ ತಾರೀಖು ಯಾವುದೆಂದು ಕಿನುವಿಗೆ ಹೊಳೆದಿರಲಿಲ್ಲ. ಬಾಂಬು ಬಿದ್ದ ಆ ದಿನ ಮೈ ಸುಟ್ಟವರೆಲ್ಲ ನೀರು, ನೀರು ಎನ್ನುತ್ತಲೇ ಸತ್ತಿದ್ದರು. ಮಿತ್ಸುಯೋಳ ತಂಗಿಯೂ. ಮಿತ್ಸುಯೋ ತಲೆಬಾಗಿ, "ಉಪಕಾರವಾಯ್ತು ಅಕ್ಕಾ" ಎಂದಳು.

ಕೆಲವು ದಿನಗಳಲ್ಲಿ ಸಂಬಂಧ ತಂದಿದ್ದ ಮಧ್ಯಸ್ಥಗಾರ್ತಿ ಕ್ಷಮೆ ಕೇಳಲು ಸಿಹಿತಿಂಡಿಯ ಪೆಟ್ಟಿಗೆ ಹಿಡಿದು ಬಂದಳು. ಹುಡುಗನಿಗೆ ಈಗಲೇ ಮದುವೆ ಬೇಡವಂತೆ. ತಾರೀಖಿನ ಮಾತು ಅವಳೂ ಎತ್ತಲಿಲ್ಲ, ಯಾರೂ ಎತ್ತಲಿಲ್ಲ.

"ನಂಗಾದ್ರೂ ಹೇಳ್ಬಾರದಿತ್ತಾ ಅಮ್ಮ?" ಎಂದಳು, ಆ ತಾರೀಖನ್ನೂ ಮುರಿದ ಸಂಬಂಧವನ್ನೂ ತಾಳೆ ಹಾಕಿದ ಸನಾಯೆ.

ಅಕ್ಕಿ ತೊಳೆಯುತ್ತಾ ಮಿತ್ಸುಯೋ ಹೇಳಿದಳು. ಮೊದಲಿನಿಂದ ಹೇಳಲು ಬರಲಿಲ್ಲ. ಮೊದಲು ತಂಗಿ ಸತ್ತದ್ದು, ಆಮೇಲೆ ನದಿ, ಆಮೇಲೆ ರಸ್ತೆ; ಎಲ್ಲಕ್ಕಿಂತ ಕೊನೆಗೆ, ಅವತ್ತು ಬೆಳಿಗ್ಗೆ ಇಬ್ಬರೂ ಒಂದು ಸಿಹಿಗೆಣಸಿಗಾಗಿ ಜಗಳವಾಡಿದ್ದು.

ಆ ವರ್ಷ ಆಗಸ್ಟ್ ಆರರ ಬೆಳಿಗ್ಗೆ ಮಿತ್ಸುಯೋ ಎಚ್ಚರವಿದ್ದೂ ಹಾಸಿಗೆಯಿಂದ ಏಳಲಿಲ್ಲ. ಬಟ್ಟಲು ತುಂಬಿ ಬಾಗಿಲಲ್ಲಿಟ್ಟವಳು ಸನಾಯೆ. ಪ್ರತಿ ವರ್ಷ ಆ ಹೊತ್ತಿಗೆ ತೆರೆದಿರುತ್ತಿದ್ದ ಕಿನುವಿನ ಕಿಟಕಿ ಮುಚ್ಚಿತ್ತು.