ಜೀನ್ಸ್ ದಾರದ ಚೆಂಡು

ಆ ಬೆಳಿಗ್ಗೆಯೂ ಮೊದಲು ಕೇಳಿಸಿದ್ದು ಎದುರು ಮನೆಯ ಹೊಲಿಗೆ ಮಷಿನ್. ರಾಯದುರ್ಗದ ನಮ್ಮ ಓಣಿಯಲ್ಲಿ ಹಾಲಿನವನು ಬರುವ ಮುಂಚೆಯೇ ಅದು ಎದ್ದಿರುತ್ತದೆ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಮಂಡಕ್ಕಿ ನೆನೆಸಿ ಹಿಂಡಿಟ್ಟೆ. ಒಗ್ಗರಣೆಯ ಈರುಳ್ಳಿ ಕೆಂಪಗಾಗುವ ಹೊತ್ತಿಗೆ ಮಗಳು ಬಾಚಣಿಗೆ ಹಿಡಿದು ಬಂದು ನನ್ನ ಮುಂದೆ ಕುಳಿತಳು. ಎರಡು ಜಡೆ, ಬಿಗಿಯಾಗಿ. ಒಂದೇ ಜಡೆಯಾದರೆ ಟೋಪಿ ನಿಲ್ಲುವುದಿಲ್ಲವಂತೆ.

"ಭುಜ ನೋಯ್ತಿದೆಯೇನೆ?"

"ಇಲ್ಲಮ್ಮ. ಸುಮ್ನ ಬಾಚು."

ಹಿಂದಿನ ವರ್ಷ ಅವಳ ಕಾಲೇಜಿನ ಹುಡುಗಿಯರು ಬೇಸ್‌ಬಾಲ್‌ನಲ್ಲಿ ದೇಶಕ್ಕೇ ಮೊದಲಿಗರಾಗಿ ಬಂದಿದ್ದರು. ಸ್ಟೇಷನ್ನಿನಿಂದ ಕಾಲೇಜಿನವರೆಗೆ ತೆರೆದ ಜೀಪಿನಲ್ಲಿ ಕರೆತಂದಾಗ, ಆ ಆಟದ ಹೆಸರು ತಿಳಿಯದವರೂ ಹೂವು ಎರಚಿದ್ದರು. ಆ ಒಂಬತ್ತು ಜನರಲ್ಲಿ ಈ ವರ್ಷ ಉಳಿದವರು ನಾಲ್ವರು. ಇಬ್ಬರು ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದ್ದರು, ಒಬ್ಬಳು ಹಿಂದೂಪುರಕ್ಕೆ ಹೋಗಿದ್ದಳು, ಮತ್ತಿಬ್ಬರಿಗೆ ಮದುವೆಯಾಗಿತ್ತು. ಚೆಂಡು ಎಸೆಯುವ ಹುಡುಗಿಯೂ ಹೋದದ್ದರಿಂದ ಅಲ್ಲಿಯವರೆಗೆ ಮೈದಾನದ ಅಂಚಿನಲ್ಲಿ ನಿಲ್ಲುತ್ತಿದ್ದ ನನ್ನ ಮಗಳು ನಡುವಿಗೆ ಬಂದಳು. ಅವಳ ಕೈಯಲ್ಲಿ ಅಂಥ ಜೋರಿಲ್ಲ. ಆದರೆ ಅವಳೆಸೆದ ಚೆಂಡು ನೇರವಾಗಿ ಹೋಗಿ, ಬ್ಯಾಟಿನ ಹತ್ತಿರ ಬಂದಾಗ ಮೇಜಿನಿಂದ ಜಾರಿದ ಹಾಗೆ ಪಕ್ಕಕ್ಕೆ ಬೀಳುತ್ತಿತ್ತು. ಅವಳಿಗಿದ್ದದ್ದು ಅದೊಂದೇ ವಿದ್ಯೆ. ಅಂದಿನ ಪಂದ್ಯ ಗೆದ್ದರೆ ಮತ್ತೆ ದೇಶದ ಮಟ್ಟಕ್ಕೆ. ಸೋತರೆ ವರ್ಷ ಅಲ್ಲಿಗೇ ಮುಗಿಯಿತು.

ಪಂದ್ಯ ಅವಳ ಕಾಲೇಜಿನ ಮೈದಾನದಲ್ಲೇ. ನಡೆಸುವ ಕಾಲೇಜೇ ಚೆಂಡು ಕೊಡಬೇಕು. ಹೊಸ ಚೆಂಡುಗಳ ಪಾರ್ಸೆಲ್ ಬಂದಿರಲಿಲ್ಲ. ಆಟ ಕಲಿಸುವ ಸಾರ್ ಬಳಿ ಇದ್ದದ್ದು ಎರಡು ಒಳ್ಳೆಯವು, ಮೂರು ಹೊಲಿಗೆ ಬಿಟ್ಟವು. ಆ ಮೂರನ್ನು ನಾನೇ ಹೊಲಿಸಿಕೊಡುತ್ತೇನೆಂದು ವಾರದ ಹಿಂದೆ ಇಸಿದುಕೊಂಡು ಬಂದಿದ್ದೆ. ಎದುರು ಮನೆಯ ಅಕ್ಕ ಜೀನ್ಸ್ ಹೊಲಿಯುವವರು. ನನ್ನದು ಮಡಕಶಿರ, ಓದಿದ್ದು ಕಾನ್ವೆಂಟಿನಲ್ಲಿ. ರೇಗಿಸುವಾಗ ಎರಡನ್ನೂ ಅವರು ಬಿಡುವುದಿಲ್ಲ.

"ಇದೇನ್ರಿ ಕಾನ್ವೆಂಟಮ್ಮ, ತೆಂಗಿನಕಾಯಿಗೆ ಪ್ಯಾಂಟ್ ಹೊಲಿಸ್ತೀರೇನು?"

"ಯಾಕಕ್ಕಾ, ಆಗಲ್ವಾ?"

"ನಿಮ್ಮ ಮಡಕಶಿರದಾಗ ಆಗಂಗಿಲ್ಲ. ರಾಯದುರ್ಗದಾಗ ಯಾಕ ಆಗಂಗಿಲ್ಲ? ತರ್ರಿ ಇಲ್ಲಿ."

ಹಳೆಯ ಕೆಂಪು ದಾರವನ್ನೆಲ್ಲ ಬಿಚ್ಚಿ, ಜೀನ್ಸಿಗೆ ಹಾಕುವ ತಾಮ್ರದ ಬಣ್ಣದ ದಪ್ಪ ದಾರದಲ್ಲಿ, ಒಂದೊಂದೇ ತೂತಿಗೆ ಸೂಜಿ ಹಾಯಿಸಿ ಕೈಯಲ್ಲೇ ಹೊಲಿದರು. ಜೀನ್ಸಿನಲ್ಲಿ ಬಟ್ಟೆ ಮಡಿಕೆಯಾಗಿ ಉಬ್ಬಿದ ಕಡೆ ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟುವುದು ಅವರ ಪದ್ಧತಿ. ಚೆಂಡಿಗೂ ಹಾಗೇ ಮಾಡಿದರು. ಒದ್ದೆ ಬಟ್ಟೆಯಲ್ಲಿ ತೊಗಲು ಒರೆಸಿ, ಉರುಳಿಸುತ್ತ ಉರುಳಿಸುತ್ತ ಹೊಲಿಗೆಯುದ್ದಕ್ಕೂ ತಟ್ಟಿದರು. ನಾನು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದೆ. ಏನೂ ತಾಕಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಕಣ್ಣು ಮುಚ್ಚಿ ನಮ್ಮ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದರು. ಗಂಟು ತಾಕಿದರೆ ಪೂರ್ತಿ ಬಿಚ್ಚಿಸುತ್ತಿದ್ದರು.

"ನಮ್ಮ ಸಿಸ್ಟರ್ ನೋಡಿದ್ರೆ ನೂರಕ್ಕೆ ನೂರು ಕೊಡ್ತಿದ್ರು ಅಕ್ಕಾ," ಎಂದೆ. ಮನಸಾರೆ ಹೇಳಿದ ಮಾತು ಅದು. ಚೆಂಡುಗಳನ್ನು ನೇರ ಸಾರ್ ಚೀಲಕ್ಕೇ ಹಾಕಿಬಂದೆ. ಮಗಳು ಅಭ್ಯಾಸ ಮಾಡುತ್ತಿದ್ದದ್ದು ಆ ಎರಡು ಒಳ್ಳೆಯ ಚೆಂಡುಗಳಲ್ಲಿ.

ಬೇವಿನ ಮರದ ಕೆಳಗೆ ಬೇರೆ ತಾಯಂದಿರ ಜೊತೆ ಕುಳಿತು ಆಟ ನೋಡಿದೆ. ಅರ್ಧ ಆಟ ಕಳೆಯುವಾಗ ನಮ್ಮವರು ಎರಡು ರನ್ ಮುಂದಿದ್ದರು. ಆಮೇಲೆ ಒಂದು ಚೆಂಡು ಕಾಂಪೌಂಡ್ ದಾಟಿ ಬಳ್ಳಾರಿ ಜಾಲಿಯ ಮೆಳೆಯೊಳಗೆ ಹೋಗಿ ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದರ ಹೊಲಿಗೆ ಕಿತ್ತುಹೋಯಿತು. ಸಾರ್ ತಮ್ಮ ಚೀಲದಿಂದ ಅಕ್ಕ ಹೊಲಿದದ್ದನ್ನು ತೆಗೆದು ಮಗಳತ್ತ ಎಸೆದರು. ಬಿಸಿಲಿಗೆ ತಾಮ್ರದ ದಾರ ಹೊಳೆಯಿತು. ಪಕ್ಕದವರ ಮೊಣಕೈ ತಟ್ಟಿ, "ಅದು ನಮ್ಮೆದುರು ಮನೇಲಿ ಹೊಲಿದಿದ್ದು," ಎಂದೆ.

ಮಗಳ ಬೆರಳುಗಳು ಚೆಂಡಿನ ಮೇಲೆ ಏನನ್ನೋ ಹುಡುಕಿದವು. ಒಮ್ಮೆ ತಿರುಗಿಸಿದಳು, ಮತ್ತೊಮ್ಮೆ ತಿರುಗಿಸಿದಳು. ಬೇವಿನ ಮರದ ಕಡೆ ನೋಡಿದಳು. ಆಮೇಲೆ ಎಸೆದಳು. ಚೆಂಡು ನೇರ ಹೋಯಿತು, ನೇರವಾಗಿಯೇ ಉಳಿಯಿತು. ಆಚೆಯ ಹುಡುಗಿ ಅದನ್ನು ಜಾಲಿಯವರೆಗೂ ಹೊಡೆದಳು. ಚೆಂಡು ಬದಲಿಸಿದರು, ಅದೂ ಹಾಗೇ, ಮೂರನೆಯದೂ ಹಾಗೇ. ಎದುರು ತಂಡದಲ್ಲಿ ಎಸೆಯುವವಳದು ತೋಳ್ಬಲದ ನೇರ ಎಸೆತ. ಅವಳಿಗೆ ಯಾವ ಚೆಂಡಾದರೂ ನಡೆಯುತ್ತಿತ್ತು. ನಾವು ಸೋತೆವು.

ಮನೆಗೆ ಬಂದು ಕಾಲು ತೊಳೆದು ಮೆಟ್ಟಿಲ ಮೇಲೆ ಕುಳಿತವಳು, ಆಟದಲ್ಲಿ ಕಿತ್ತುಹೋದ ಚೆಂಡನ್ನು ನನ್ನ ಕೈಗಿಟ್ಟಳು.

"ಇಲ್ಲಿ ಬೆರಳಿಡಮ್ಮ."

ಉಳಿದಿದ್ದ ಕೆಂಪು ಹೊಲಿಗೆ ಹೊಲದ ಬದುವಿನಂತೆ ಎದ್ದು ನಿಂತಿತ್ತು.

"ಈ ಉಬ್ಬು ಹಿಡಿದೇ ತಿರುವೋದು. ಇದು ಬೆರಳಿಗೆ ಸಿಗಲಿಲ್ಲ ಅಂದ್ರ ಚೆಂಡು ಹೊರಳಂಗಿಲ್ಲ."

"ಅಲ್ಲೇ ಸಾರ್‌ಗೆ ಹೇಳ್ಬಾರ್ದಿತ್ತೇನೆ?"

"ಹೇಳಿದ್ರ ಬ್ಯಾರೆ ಚೆಂಡು ಎಲ್ಲಿತ್ತು?" ಎದುರು ಮನೆಯ ಕಡೆ ನೋಡಿ, "ದೊಡ್ಡಮ್ಮಗ ಹೇಳಬ್ಯಾಡ. ಎರಡು ದಿನ ಕೂತು ಹೊಲಿದಾರ," ಎಂದಳು.

"ತಪ್ಪು ನಂದು ಕಣೆ. ಬೆರಳಾಡಿಸಿ ಚೆನ್ನಾಗಿದೆ ಅಂದವಳು ನಾನು."

ಅವಳು ಬೆಳಗಿನ ಮಂಡಕ್ಕಿಯ ಪಾತ್ರೆ ತಂದು ತಣ್ಣಗಿದ್ದುದನ್ನೇ ತಿನ್ನತೊಡಗಿದಳು. ಸ್ವಲ್ಪ ನನ್ನ ಕಡೆಗೂ ಸರಿಸಿದಳು.

ಸಂಜೆ ಅಕ್ಕ ತಮ್ಮ ಮೆಟ್ಟಿಲ ಮೇಲೆ ಜೀನ್ಸಿನ ರಾಶಿ ಹಾಕಿಕೊಂಡು ದಾರದ ತುದಿ ಕತ್ತರಿಸುತ್ತಿದ್ದರು. ತಲೆಯೆತ್ತದೆಯೇ ಕೇಳಿದರು.

"ಸೋತ್ರಂತ?"

"ಹೂಂ ಅಕ್ಕಾ."

"ಹೋಗ್ಲಿ ಬಿಡ್ರಿ. ನಾ ಹೊಲಿದದ್ದು ಒಂದಾದ್ರೂ ಬಿಚ್ಚಿತೇನ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳೇ ಹೇಳಿದಳು: "ಒಂದೂ ಬಿಚ್ಚಲಿಲ್ಲ ದೊಡ್ಡಮ್ಮ."

"ಮತ್ತ!" ಎಂದು ಅಕ್ಕ ಇನ್ನೊಂದು ಪ್ಯಾಂಟ್ ಎಳೆದುಕೊಂಡರು. "ಮುಂದಿನ ವರ್ಷ ಎಲ್ಲಾ ಚೆಂಡೂ ಮೊದಲೇ ತಂದುಕೊಡವಾ, ಇನ್ನೂ ಚಂದಾಗಿ ತಟ್ಟಿ ಕೊಡ್ತೀನಿ."