ಜಟ್ಟಪ್ಪ ನುಂಗಿದ ವಿಳಾಸಗಳು

ಕೊಪ್ಪದ ಬಸ್‌ಸ್ಟ್ಯಾಂಡಿನೆದುರು ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಶೆಟ್ಟಿಕೊಪ್ಪದ ಜಟ್ಟಪ್ಪನಿಗೆ ಮೌಸ್ ಹಿಡಿಯುವವರನ್ನು ಕಂಡರಾಗುತ್ತಿರಲಿಲ್ಲ. ತಾನು ಮಾತ್ರ ಕಪ್ಪು ಪರದೆಯ ಮುಂದೆ ಕೂತು ಬಿಳಿ ಅಕ್ಷರದಲ್ಲಿ ಆಜ್ಞೆ ಬರೆಯುವ ದೊಡ್ಡ ಮನುಷ್ಯ. ನೋಡಲು ಯಾರೂ ಇಲ್ಲದಿದ್ದರೆ ಪಕ್ಕದ ಜೆರಾಕ್ಸ್ ಅಂಗಡಿಯಿಂದ ನನ್ನನ್ನು ಕರೆಯುತ್ತಿದ್ದ. ಇದು ಎರಡು ಸಾವಿರದ ಏಳರ ಮಾತು. ಶೃಂಗೇರಿ, ನರಸಿಂಹರಾಜಪುರದ ಇಂಟರ್ನೆಟ್ ಅಂಗಡಿಗಳಿಗೂ ಸಂಪರ್ಕ ಹೋಗುತ್ತಿದ್ದುದು ಇವನಿಂದಲೇ. ಹಾಗಾಗಿ ಇವನ ಪೆದ್ದುತನ ಮೂರು ತಾಲ್ಲೂಕಿಗೂ ಸಮನಾಗಿ ಹಂಚಿಕೆಯಾಗುತ್ತಿತ್ತು.

ಅವನ ಜಂಬವೆಲ್ಲ ಒಂದು ಸಣ್ಣ ಪ್ರೋಗ್ರಾಮಿನ ಮೇಲೆ. ಇಂಟರ್ನೆಟ್ಟಿನಲ್ಲಿರುವ ಪ್ರತಿ ಯಂತ್ರಕ್ಕೂ ಅಂಕಿಗಳ ವಿಳಾಸವಿರುತ್ತದೆ. ಸರ್ವೆ ನಂಬರಿನ ಹಾಗೆ ಅವನ್ನು ಸಾಲುಸಾಲಾಗಿ ಹಂಚಿರುತ್ತಾರೆ. ಅಂಥ ಸಾಲುಗಳನ್ನು ಕೊಟ್ಟರೆ ಈ ಪ್ರೋಗ್ರಾಮು ಒಂದಕ್ಕೊಂದು ತಾಗಿರುವುದನ್ನು ಕೂಡಿಸಿ ಒಂದು ಮಾಡುತ್ತದೆ. ಒಂದು ವಿಳಾಸ ಕೊಟ್ಟು ಕೇಳಿದರೆ ಅದು ಯಾವ ಸಾಲಿನೊಳಗಿದೆ ಎಂದೂ ಹೇಳುತ್ತದೆ. ಒಳ್ಳೆಯ ಸಾಧನವೇ. ಸಿಕ್ಕಿದ್ದು ಮಾತ್ರ ಮಂಗನ ಕೈಗೆ.

ಕಸದ ಇ-ಮೇಲು, ಹೊಲಸು ಸೈಟು ಬರುವ ಸಾಲುಗಳನ್ನು ಅವನು ತಡೆದಿಟ್ಟಿದ್ದ. ಅದು ತಪ್ಪಲ್ಲ. ಆದರೆ ಪಟ್ಟಿ ಉದ್ದವಾಯಿತೆಂದು, ತಡೆದ ಸಾಲುಗಳ ನಡುವೆ ಇರುವುದನ್ನೂ ನುಂಗಿ ದೊಡ್ಡ ಸಾಲು ಮಾಡು ಎಂದು ಪ್ರೋಗ್ರಾಮಿಗೆ ಅಪ್ಪಣೆ ಕೊಟ್ಟ. ನಡುವೆ ಇರುವುದು ಯಾರದು ಎಂದು ನಾನು ಕೇಳಿದೆ.

"ಯಾರದ್ದಾದ್ರೆ ಎಂತ ಮಾರಾಯ? ಬೇಲಿ ನೆಟ್ಟಗೆ ಬರ್ಬೇಕಂದ್ರೆ ಆಚೆಯದ್ದು ಸ್ವಲ್ಪ ಒಳಗೆ ಬರ್ತದೆ. ನಮ್ಮಪ್ಪ ತೋಟಕ್ಕೆ ಹಾಕಿದ್ದೂ ಹಂಗೇ."

ಅದು ಸುಳ್ಳಲ್ಲ. ಬೇಲಿ ಹೊಸದು ಮಾಡುವಾಗಲೆಲ್ಲ ಗೂಟವನ್ನು ಕಾಡಿನ ಕಡೆಗೆ ಸರಿಸುವುದು ನಮ್ಮ ಕಡೆಯ ಹಳೇ ಚಾಳಿ. ಕಾಡು ಬಂದು ಜಗಳವಾಡುವುದಿಲ್ಲವಲ್ಲ.

ಎರಡು ದಿನ ಬಿಟ್ಟು ಮುಬಶಿರಾ ಬಂದಳು. ಪೇಟೆಯ ದಿನಸಿ ವ್ಯಾಪಾರಿ ಅಸಾದುಲ್ಲಾ ಅವರ ಮಗಳು. ಒಮ್ಮೆ ಫೇಲಾಗಿ, ಮತ್ತೆ ಓದಿ, ಎರಡನೇ ಸಲ ಪರೀಕ್ಷೆ ಬರೆದು ನರ್ಸಿಂಗ್ ಸೀಟು ಗಿಟ್ಟಿಸಿದ್ದಳು. ಆ ಸಂಜೆ ಐದರೊಳಗೆ ಶಿವಮೊಗ್ಗದ ಆ ಕಾಲೇಜಿನ ಸೈಟಿನಲ್ಲಿ ಒಪ್ಪಿಗೆ ಕೊಡಬೇಕು. ತಪ್ಪಿದರೆ ಸೀಟು ಮುಂದಿನವರಿಗೆ. ಮೂರು ಗಂಟೆಗೆ ಬಂದು ಕೂತವಳಿಗೆ ಪುಟ ತೆರೆಯಲೇ ಇಲ್ಲ.

"ಅವರ ಸರ್ವರ್ ಬಿದ್ದದೆ" ಎಂದ ಜಟ್ಟಪ್ಪ, ತಲೆ ಎತ್ತದೆ.

"ಹೋದ ವಾರ ಇಲ್ಲೇ ಓಪನ್ ಆಗಿತ್ತು ಅಣ್ಣ. ನೀವು ಬ್ಲಾಕ್ ಮಾಡಿದ್ರಲ್ಲಿ ಸೇರಿದ್ಯಾ, ಒಂಚೂರು ನೋಡಿ."

"ನಂಗೆ ಹೇಳಿಕೊಡ್ತೀಯಾ ಮಾರಾಯ್ತಿ?"

ಕಾಲೇಜಿನ ಫೋನು ಎಂಗೇಜು. ಶಿವಮೊಗ್ಗದ ಬಸ್ಸು ಹತ್ತಿದರೆ ಐದರೊಳಗೆ ಮುಟ್ಟುವುದಿಲ್ಲ. "ಆ ಪ್ರೋಗ್ರಾಮನ್ನೇ ಕೇಳೋ, ಒಂದು ನಿಮಿಷದ ಕೆಲಸ" ಎಂದು ನಾನೂ ಹೇಳಿದೆ. ಅವನು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ! ತನ್ನ ತಪ್ಪು ತನ್ನದೇ ಪರದೆಯ ಮೇಲೆ ಕಾಣುವುದಕ್ಕಿಂತ ಆ ಹುಡುಗಿಯ ಸೀಟು ಹೋಗುವುದೇ ಅವನಿಗೆ ಹಗುರವಾಗಿತ್ತು. ಅವಳು ಎರಡು ಗಂಟೆ ಅದೇ ಪುಟವನ್ನು ಮತ್ತೆ ಮತ್ತೆ ಒತ್ತುತ್ತ ಕೂತಿದ್ದಳು. ನನಗೆ ಅವನ ಕಪಾಳಕ್ಕೆ ಬಿಗಿಯಬೇಕೆನಿಸಿತು.

ಐದು ಹೊಡೆದ ಮೇಲೆ, ಸುಮ್ಮನೆ ಎಂಬಂತೆ ಕಾಲೇಜಿನ ಸೈಟಿನ ವಿಳಾಸ ಹಾಕಿ ಪ್ರೋಗ್ರಾಮನ್ನು ಕೇಳಿದ. ಅದು ಅವನು ನುಂಗಿದ ಸಾಲಿನ ನಟ್ಟನಡುವೆಯೇ ಇತ್ತು. ಆ ಸಾಲು ಅಳಿಸಿದ. ಮುಬಶಿರಾಳ ಪರದೆಯ ಮೇಲೆ ಪುಟ ತಕ್ಷಣ ತೆರೆಯಿತು: ಅವಧಿ ಮುಗಿದಿದೆ.

"ಬಂತಲ್ಲ" ಎಂದ ಜಟ್ಟಪ್ಪ. "ಸೀಟು ಎಲ್ಲಿ ಹೋಗ್ತದೆ? ಬರೋ ವರ್ಷ ಇನ್ನೊಂದ್ಸಲ ಬರೆದ್ರಾಯ್ತು."

ಅವಳು ಎದ್ದು ನಿಂತು ಅವನನ್ನೇ ನೋಡಿದಳು. "ನೀವು ಬರೀತೀರಾ ಅಣ್ಣ?"